ಸಾಲ ಸಿಗುತ್ತಿದ್ದರೂ ಬೀದಿಗಿಳಿದದ್ದೇಕೆ?

ಪ್ರಶ್ನೆ: 2010ರಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ಶುಲ್ಕ ಏರಿಕೆಯ ವಿರುದ್ಧ ದೊಡ್ಡ ಹೋರಾಟ ಮಾಡಿದರು. ಆದರೆ ಶುಲ್ಕಕ್ಕೆ ಸರ್ಕಾರವೇ ಸಾಲ ಕೊಡುತ್ತಿತ್ತು, ಒಳ್ಳೆಯ ಸಂಬಳ ಬಂದ ಮೇಲೆ ತೀರಿಸಿದರೆ ಸಾಕಿತ್ತು. ಹಾಗಿದ್ದೂ ಅಷ್ಟು ಸಿಟ್ಟೇಕೆ? ಇಂಥ ಹೋರಾಟಗಳಿಂದ ಎಲ್ಲಾದರೂ ಫಲ ಸಿಕ್ಕಿದ್ದುಂಟೇ?

ಉತ್ತರ: ನೀವು ಹೇಳುವ ಸಾಲದ ಲೆಕ್ಕ ಸರಿಯಾಗಿಯೇ ಇದೆ. ವರ್ಷಕ್ಕೆ 3,290 ಪೌಂಡ್ ಇದ್ದ ಶುಲ್ಕದ ಮಿತಿ 2012ರಿಂದ 9,000 ಆಯಿತು. ವರ್ಷದ ಆದಾಯ 21,000 ಪೌಂಡ್ ದಾಟಿದವರು, ದಾಟಿದ ಮೊತ್ತದಲ್ಲಿ ಮಾತ್ರ ಶೇ 9ರಷ್ಟು ಕಟ್ಟಬೇಕಿತ್ತು. 30 ವರ್ಷ ಕಳೆದರೆ ಬಾಕಿ ಮನ್ನಾ.

ಆದರೆ ವಿದ್ಯಾರ್ಥಿಗಳ ಕಣ್ಣು ಇನ್ನೊಂದು ಲೆಕ್ಕದ ಮೇಲಿತ್ತು. ಪಾಠ ಹೇಳುವ ಖರ್ಚಿಗೆಂದು ವಿಶ್ವವಿದ್ಯಾಲಯಗಳಿಗೆ ಬರುತ್ತಿದ್ದ ಅನುದಾನದ ಬಹುಪಾಲನ್ನು ಸರ್ಕಾರ ಅದೇ ಹೊತ್ತಿಗೆ ಹಿಂತೆಗೆದುಕೊಂಡಿತು. ಸಾಹಿತ್ಯ, ಸಮಾಜ ವಿಜ್ಞಾನದಂಥ ವಿಷಯಗಳಿಗೆ ಬಹುತೇಕ ಏನೂ ಉಳಿಯಲಿಲ್ಲ. ಅಂದರೆ ಏರಿದ ಶುಲ್ಕದಲ್ಲಿ ದೊಡ್ಡ ಪಾಲು, ಸರ್ಕಾರ ನಿಲ್ಲಿಸಿದ ಹಣದ ಜಾಗ ತುಂಬುವುದಕ್ಕೇ ಹೋಯಿತು. ಸಮಾಜವೆಲ್ಲ ಸೇರಿ ಹೊರುತ್ತಿದ್ದ ಹೊರೆ ಹದಿನೆಂಟರ ಹುಡುಗ ಹುಡುಗಿಯರ ಹೆಗಲಿಗೆ ಬಂತು. ಜೊತೆಗೆ, ಶುಲ್ಕ ಏರಿಕೆಗೆ ಮತ ಹಾಕುವುದಿಲ್ಲವೆಂದು ಚುನಾವಣೆಗೆ ಮುಂಚೆ ಸಹಿ ಹಾಕಿ ಮಾತು ಕೊಟ್ಟಿದ್ದ ಲಿಬರಲ್ ಡೆಮಾಕ್ರಾಟ್ ಪಕ್ಷ ಈಗ ಅದೇ ಸರ್ಕಾರದ ಪಾಲುದಾರನಾಗಿತ್ತು. ಸಿಟ್ಟಿನ ಕಾವು ಅರ್ಧ ಅಲ್ಲಿಂದಲೇ ಹುಟ್ಟಿದ್ದು.

ಸಾಲದ ಬಗ್ಗೆ ಅವರಿಗಿದ್ದ ಅಳುಕೂ ಸುಳ್ಳಾಗಲಿಲ್ಲ. ಇಂಥ ಸಾಲದ ಷರತ್ತುಗಳು ಕೊನೆಯವರೆಗೂ ಸರ್ಕಾರದ ಕೈಯಲ್ಲೇ ಇರುತ್ತವೆ, ನಾನು ಎಲ್ಲಕ್ಕಿಂತ ಹೆಚ್ಚು ಅಂಜುವುದು ಇದಕ್ಕೇ. 21,000ದ ಮಿತಿಯನ್ನು ಮುಂದೆ ಸಂಬಳಗಳ ಏರಿಕೆಗೆ ತಕ್ಕಂತೆ ಏರಿಸುತ್ತೇವೆ ಎಂದಿದ್ದ ಸರ್ಕಾರ, ಅದನ್ನು ಇದ್ದಲ್ಲೇ ನಿಲ್ಲಿಸುವುದಾಗಿ 2015ರಲ್ಲಿ ಹೇಳಿತು. ಆಗಲೇ ಸಾಲ ಪಡೆದು ಓದು ಮುಗಿಸಿದವರಿಗೂ ಇದು ಅನ್ವಯ! 2018ರಲ್ಲಿ ಮಿತಿ 25,000ಕ್ಕೆ ಏರಿತು, ನಿಜ. ಆದರೆ 2023ರಿಂದ ಕಾಲೇಜು ಸೇರಿದವರಿಗೆ ಮನ್ನಾ ಆಗುವುದು 40 ವರ್ಷದ ನಂತರ.

ಇನ್ನು ಫಲದ ಮಾತು. ಇಂಗ್ಲೆಂಡಿನಲ್ಲಿ ಸೋಲೇ ಆಯಿತು: 2010ರ ಡಿಸೆಂಬರ್ 9ರಂದು 302ರ ವಿರುದ್ಧ 323 ಮತಗಳಿಂದ ಏರಿಕೆಗೆ ಒಪ್ಪಿಗೆ ಸಿಕ್ಕಿತು. ಕೆನಡಾದ ಕ್ವಿಬೆಕ್‌ನಲ್ಲಿ ನಡೆದದ್ದೇ ಬೇರೆ. ಐದು ವರ್ಷಗಳಲ್ಲಿ ಶುಲ್ಕವನ್ನು 1,625 ಡಾಲರ್ ಏರಿಸುವ ಯೋಜನೆ ವಿರೋಧಿಸಿ 2012ರ ಫೆಬ್ರುವರಿಯಲ್ಲಿ ತರಗತಿ ಬಹಿಷ್ಕಾರ ಶುರುವಾಯಿತು. ಮುಷ್ಕರ ಬೇಕೇ ಬೇಡವೇ ಎಂದು ಆಯಾ ವಿದ್ಯಾರ್ಥಿ ಸಂಘಗಳು ಸಭೆ ಸೇರಿ ಮತ ಹಾಕಿ ತೀರ್ಮಾನಿಸುತ್ತಿದ್ದವು. ಅದು ತಿಂಗಳುಗಟ್ಟಲೆ ಬಾಳಿದ್ದು ಈ ಕಟ್ಟುನಿಟ್ಟಿನಿಂದಲೇ ಎಂದು ನನ್ನ ನಂಬಿಕೆ. ಮೇ ತಿಂಗಳಲ್ಲಿ ಪ್ರತಿಭಟನೆಗೇ ಕಡಿವಾಣ ಹಾಕುವ ಕಾನೂನು ಬಂದಾಗ ಸಾಮಾನ್ಯ ಜನರೂ ಪಾತ್ರೆ ಬಡಿಯುತ್ತ ಬೀದಿಗೆ ಬಂದರು. ಸೆಪ್ಟೆಂಬರ್ ಚುನಾವಣೆಯಲ್ಲಿ ಸರ್ಕಾರ ಬಿತ್ತು, ಏರಿಕೆ ರದ್ದಾಯಿತು. ಆದರೂ ಮರುವರ್ಷ ಹೊಸ ಸರ್ಕಾರ ವರ್ಷಕ್ಕೆ ಸುಮಾರು ಶೇ 3ರ ಏರಿಕೆ ತಂದಿತು.

ದಕ್ಷಿಣ ಆಫ್ರಿಕಾದಲ್ಲೂ ವಿದ್ಯಾರ್ಥಿಗಳು ಶುಲ್ಕ ಏರಿಕೆಯ ವಿರುದ್ಧ ಬೀದಿಗಿಳಿದಾಗ, 2015ರ ಅಕ್ಟೋಬರ್ 23ರಂದು, ಮರುವರ್ಷ ಶುಲ್ಕ ಏರಿಸುವುದಿಲ್ಲವೆಂದು ಅಧ್ಯಕ್ಷರೇ ಘೋಷಿಸಬೇಕಾಯಿತು. 2017ರ ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಮಾತು ಬಂತು: ವಾರ್ಷಿಕ ಆದಾಯ 3,50,000 ರ‍್ಯಾಂಡ್ ಮೀರದ ಕುಟುಂಬಗಳ ಮಕ್ಕಳಿಗೆ ಉಚಿತ ಉನ್ನತ ಶಿಕ್ಷಣ. ಆ ಗೆರೆಗಿಂತ ತುಸುವೇ ಮೇಲಿರುವ ಮನೆಗಳ ಮಕ್ಕಳು ಮಾತ್ರ ಆ ನೆರವಿನಿಂದ ಹೊರಗೇ ಉಳಿದರು.