ಶರೀರಕ್ರಿಯಾಶಾಸ್ತ್ರ ಅಂದರೇನು? ಅದರ ಮುಖ್ಯ ಶಾಖೆಗಳು ಯಾವುವು?

ಅಂಗಗಳು ಎಲ್ಲಿವೆ, ಹೇಗಿವೆ ಎಂಬುದು ಅಂಗರಚನಾಶಾಸ್ತ್ರ. ಅವು ಹೇಗೆ ಕೆಲಸ ಮಾಡುತ್ತವೆ ಎಂಬುದು ಶರೀರಕ್ರಿಯಾಶಾಸ್ತ್ರ.

ರಾಯಚೂರಿನ ಮೇ ತಿಂಗಳನ್ನೇ ತಗೊಳ್ಳಿ. ಹೊರಗೆ 42 ಡಿಗ್ರಿ ಇದ್ದರೂ ಮೈಯೊಳಗೆ ಸುಮಾರು 37 ಇರಬೇಕು. ಗಾಳಿಯೇ ಮೈಗಿಂತ ಬಿಸಿಯಾದಾಗ ಉಳಿಯುವ ಮುಖ್ಯ ದಾರಿ ಬೆವರು ಆರುವುದು: ಒಂದು ಲೀಟರ್ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಲಾಭವಿಲ್ಲ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ, ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ ಸುಮ್ಮನೆ ಬಂದ ರೂಢಿಯಲ್ಲ.

ಬೆವರುಗ್ರಂಥಿಯ ಜೀವಕೋಶವನ್ನು ನೋಡುವುದು ಕೋಶ ಶಾಖೆ, ಮೈಯ ತಾಪ ಅಳೆಯುವ ಮೆದುಳಿನ ಭಾಗವಾದ ಹೈಪೋಥಲಾಮಸ್ಸನ್ನು ನರ ಶಾಖೆ, ಬಿಸಿಲು ಬಡಿದು ಈ ವ್ಯವಸ್ಥೆ ಕೈಕೊಡುವುದನ್ನು ರೋಗ ಶಾಖೆ. ನಾಯಿ ಏದುಸಿರು ಬಿಟ್ಟು ತಂಪಾಗುವುದು ಬೇರೆ ಬೇರೆ ಪ್ರಾಣಿಗಳನ್ನು ಹೋಲಿಸಿ ನೋಡುವ ತುಲನಾತ್ಮಕ ಶಾಖೆಗೆ, ಸಿಂಧನೂರಿನ ಭತ್ತದ ಎಲೆ ನೀರನ್ನು ಆವಿಯಾಗಿಸುವುದು ಸಸ್ಯ ಶಾಖೆಗೆ ಸೇರುತ್ತದೆ.