ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸೋಕೆ ಆ್ಯಪ್, ಗೇಮ್ ಎಲ್ಲ ನಿಜವಾಗ್ಲೂ ಉಪಯೋಗಕ್ಕೆ ಬರುತ್ತಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಇಂಗ್ಲಿಷ್ ಟೀಚರ್ ಆಗಿ ಬಂದಿದ್ದೀರಿ. ಎಂಟನೇ ಕ್ಲಾಸಿನಲ್ಲಿ 45 ಮಕ್ಕಳು. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರಿನವರೊಬ್ಬರು 20,000 ರೂಪಾಯಿ ಕೊಡ್ತೀನಿ ಅಂದಿದ್ದಾರೆ. ಅದರಲ್ಲಿ ಎರಡು ಟ್ಯಾಬ್ ಕೊಳ್ಳೋದಾ, ಕೊಂಡರೆ ಯಾವ ಗೇಮ್ ಹಾಕೋದು ಅಂತ ಕೇಳಿದ್ದೀರಿ.

ಟ್ಯಾಬ್ ವಿಷಯಕ್ಕೆ ಕೊನೆಗೆ ಬರ್ತೀನಿ. ನಾನು ಹಾಸನದ ಕಡೆ ಒಂದು ಹಳ್ಳಿಯಲ್ಲಿ 14 ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಯಾವ ಹೊಸ ಆಟ ಬಂದರೂ ಒಂದೇ ಲೆಕ್ಕ ಹಾಕುತ್ತೇನೆ: ಈ ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನ ಮಗುವಿನ ಬಾಯಿಂದ ಎಷ್ಟು ಇಂಗ್ಲಿಷ್ ಬಂತು? 40 ನಿಮಿಷದ ಪೀರಿಯಡ್ಡನ್ನು 45 ಮಕ್ಕಳಿಗೆ ಹಂಚಿ ನೋಡಿ, ಒಬ್ಬರಿಗೆ ಒಂದು ನಿಮಿಷವೂ ಬರುವುದಿಲ್ಲ. ಅದೂ ನಾನು ಬಾಯಿ ಮುಚ್ಚಿಕೊಂಡಿದ್ದರೆ. ಟೀಚರ್ ಬಾಯಿ ಯಾವತ್ತು ಮುಚ್ಚಿರುತ್ತೆ ಹೇಳಿ?

ಈ ಲೆಕ್ಕದಲ್ಲಿ ತುಂಬಾ ಹೆಸರು ಮಾಡಿದ ಆಟಗಳೇ ಫೇಲ್. ಕಹೂಟ್ ಅನ್ನೋ ಕ್ವಿಜ್ ಆಟ ತಗೊಳ್ಳಿ, 2013ರಿಂದ ಇದೆ. ಪ್ರಶ್ನೆ ದೊಡ್ಡ ಪರದೆ ಮೇಲೆ ಬರುತ್ತದೆ, ಉತ್ತರ ಫೋನಿನಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಬಣ್ಣದಲ್ಲಿ. ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ. ಒಂದು ತರಬೇತಿಯಲ್ಲಿ ನಾವು ಟೀಚರ್‌ಗಳೇ ಆಡಿ ಕುಣಿದಾಡಿದ್ದೆವು. ಆಮೇಲೆ ಲ್ಯಾಬ್ ಇರುವ ಶಾಲೆಯೊಂದರಲ್ಲಿ ಮಕ್ಕಳು ಆಡುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಓದುವುದು ನಿಧಾನ ಇರುವ ಹುಡುಗ ಪ್ರಶ್ನೆ ಕಡೆ ತಿರುಗಿಯೂ ನೋಡದೆ ಕೆಂಪನ್ನೇ ಕುಟ್ಟುತ್ತಿದ್ದ. ಐದಕ್ಕೆ ಎರಡು ಸರಿಯಾದವು, ಖುಷಿಯೋ ಖುಷಿ!

ನನಗೆ ಕೈ ಹಿಡಿದದ್ದು ಪ್ಲಿಕರ್ಸ್ ಅನ್ನೋ ಆ್ಯಪ್. ಫೋನ್ ಟೀಚರ್ ಹತ್ತಿರ ಒಂದಿದ್ದರೆ ಸಾಕು. ಪ್ರತಿ ಮಗುವಿಗೂ ಕಪ್ಪು-ಬಿಳಿ ಚೌಕದ ಚಿತ್ರ ಇರುವ ಒಂದು ಕಾಗದದ ಕಾರ್ಡ್. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಉತ್ತರದ ಅಕ್ಷರ ಮೇಲೆ ಬರುವ ಹಾಗೆ ತಿರುಗಿಸಿ ಎತ್ತಿ ಹಿಡಿಯಬೇಕು. ನಾನು ಫೋನ್ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಆಡಿಸಿದರೆ ಯಾರು ಏನು ಹೇಳಿದರು ಅಂತ ಹೆಸರಿನ ಸಮೇತ ಬರುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ, ಅಕ್ಷರವೂ ಸಣ್ಣದು. ಪಕ್ಕದವನದನ್ನು ನೋಡಿ ತಿರುಗಿಸಲು ಆಗುವುದಿಲ್ಲ. ನನ್ನ ಫೋನಿಗೆ ಸ್ವಲ್ಪ ನೆಟ್ ಸಿಕ್ಕರೆ ಆಯಿತು, ಪ್ರಶ್ನೆಯನ್ನು ಬೋರ್ಡ್ ಮೇಲೇ ಬರೆಯುತ್ತೇನೆ.

ಮೊದಲ ಸಲ ಎಡವಟ್ಟು ಮಾಡಿಕೊಂಡೆ. ಹರಿಯಬಾರದು ಅಂತ ಪೇಟೆಗೆ ಹೋಗಿ ಎಲ್ಲಾ ಕಾರ್ಡಿಗೂ ಲ್ಯಾಮಿನೇಷನ್ ಮಾಡಿಸಿದೆ. ಕಿಟಕಿ ಬೆಳಕು ಬಿದ್ದು ಎಲ್ಲಾ ಕನ್ನಡಿ ಥರ ಹೊಳೆದವು, ಫೋನಿಗೆ ಒಂದೂ ಕಾಣಲಿಲ್ಲ. ದುಡ್ಡು ದಂಡ. ಮಕ್ಕಳೇ ಮನೆಯಿಂದ ಹಳೇ ಲಗ್ನಪತ್ರಿಕೆ ತಂದರು, ಅದರ ಹಿಂದಕ್ಕೆ ಹೊಸ ಪ್ರಿಂಟ್ ಅಂಟಿಸಿದೆವು. ಮೂರು ವರ್ಷ ಬಂದವು.

ಇದರಲ್ಲಿ ಮಕ್ಕಳ ಬಾಯಿಂದ ಇಂಗ್ಲಿಷ್ ಬರಲ್ವಲ್ಲ ಅನ್ನಬಹುದು ನೀವು. ನಿಜ. ಆದರೆ ಏನು ಮಾತಾಡಿಸಬೇಕು ಅನ್ನೋದು ಗೊತ್ತಾಗುತ್ತೆ. ಒಮ್ಮೆ ಬೋರ್ಡ್ ಮೇಲೆ 'ಡಿಡ್ ಯೂ ____ ಟು ದ ಮಾರ್ಕೆಟ್ ಯೆಸ್ಟರ್ಡೇ' ಅಂತ ಬರೆದೆ. 45ರಲ್ಲಿ 31 ಮಕ್ಕಳು 'ಗೋ' ಬದಲು 'ವೆಂಟ್' ಎತ್ತಿದರು. ಪಾಠ ಕೇಳಿಲ್ಲ ಅಂತ ರೇಗುವ ಮುಂಚೆ ಅದನ್ನೇ ಕನ್ನಡದಲ್ಲಿ ಹೇಳಿಕೊಂಡೆ. 'ನಿನ್ನೆ ಸಂತೆಗೆ ಹೋದೆಯಾ?' ನಮ್ಮಲ್ಲಿ ಕಳೆದುಹೋದ ಕಾಲ 'ಹೋದೆ' ಒಳಗೇ ಕೂತಿದೆ, ಪ್ರಶ್ನೆಗೆ ಕೊನೆಯಲ್ಲಿ ಒಂದು 'ಆ' ಸೇರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಆ ಕಾಲವನ್ನು 'ಡಿಡ್' ಹೊತ್ತುಕೊಂಡು ಹೋಗುತ್ತದೆ, 'ಗೋ' ಖಾಲಿ ಕೈಯಲ್ಲಿ ಉಳಿಯುತ್ತದೆ. ಮಕ್ಕಳು ಕನ್ನಡದ ಲೆಕ್ಕದಲ್ಲಿ ಸರಿಯಾಗೇ ಯೋಚಿಸಿದ್ದರು. ಮಾರನೇ ದಿನ ಎರಡೂ ಭಾಷೆಯ ವಾಕ್ಯ ಒಂದರ ಕೆಳಗೆ ಒಂದು ಬರೆದು ತೋರಿಸಿ, ಇಬ್ಬಿಬ್ಬರು ಕೂತು ನಿನ್ನೆ ಏನೇನು ಮಾಡಿದೆ ಅಂತ ಹತ್ತು ಪ್ರಶ್ನೆ ಕೇಳಿಕೊಳ್ಳಿ ಅಂದೆ. ಇಂಥ ಪ್ರಶ್ನೆ ಮಾಡುವಾಗ ತಪ್ಪು ಉತ್ತರಗಳನ್ನು ಸುಮ್ನೆ ತುಂಬಬೇಡಿ. ಮಕ್ಕಳ ನೋಟ್ಸಿನಲ್ಲಿ ಸಿಕ್ಕ ತಪ್ಪುಗಳನ್ನೇ ಹಾಕಿ.

ಇನ್ನೊಂದು ವರ್ಡಲ್. ಜಾಶ್ ವಾರ್ಡಲ್ ಅನ್ನುವ ಎಂಜಿನಿಯರ್ ಮಾಡಿದ ಆಟ. 2021ರಲ್ಲಿ ಜನರಿಗೆ ಸಿಕ್ಕಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದು ಅಕ್ಷರದ ಪದ, ಆರು ಊಹೆ. ಅಕ್ಷರ ಸರಿ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದು ಜಾಗ ತಪ್ಪಿದರೆ ಹಳದಿ. ಇದಕ್ಕೆ ಫೋನ್ ಯಾಕೆ ಬೇಕು? ಬಣ್ಣದ ಚಾಕ್‌ಪೀಸ್ ಸಾಕು. ಪದಗಳನ್ನು ಆ ವಾರದ ಪಾಠದಿಂದಲೇ ತೆಗೆದುಕೊಳ್ಳುತ್ತೇನೆ. ಒಂದು ನಿಯಮ ಮಾತ್ರ ನನ್ನದು: ಊಹೆಯ ಪದ ಹೇಳುವ ಮುಂಚೆ ಆ ಗುಂಪು ಅದನ್ನು ಇಟ್ಟುಕೊಂಡು ಒಂದು ವಾಕ್ಯ ಹೇಳಬೇಕು. ಇದಿಲ್ಲದಿದ್ದರೆ ಬರೀ ಸ್ಪೆಲಿಂಗ್ ಆಟ ಆಗಿಬಿಡುತ್ತೆ.

ಒಂದು ದಿನ ಉತ್ತರ 'ಬ್ರೆಡ್' ಇತ್ತು. ಮಕ್ಕಳು 'ಗ್ರೀನ್' ಅಂದರು. ಆರ್‌ಗೆ ಹಸಿರು, ಮೊದಲ ಇಗೆ ಹಸಿರು ಹಾಕಿದೆ. ಎರಡನೇ ಇಗೂ ಕೈ ತಪ್ಪಿ ಹಳದಿ ಹಾಕಿಬಿಟ್ಟೆ. ಎರಡು ಇ ಇರುವ ಪದ ಹುಡುಕಿ ಹುಡುಕಿ ಕ್ಲಾಸೇ ಸುಸ್ತಾಯಿತು. ಕೊನೆಗೆ ಉತ್ತರ ಬರೆದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮಿಸ್, ಓನ್ಲಿ ಒನ್ ಇ! ಯೂ ಚೀಟಿಂಗ್!" ಅಂದ. ಜೂನ್‌ನಿಂದ ಆ ಹುಡುಗ ಇಂಗ್ಲಿಷಿನಲ್ಲಿ ತಾನಾಗಿ ಆಡಿದ ಮೊದಲ ಮಾತು ಅದು. ನಾನು ತಿದ್ದಲಿಲ್ಲ, ಸಾರಿ ಕೇಳಿದೆ.

ಮಾತಾಡಿಸುವ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಎರಡು ಫೋಟೋ ಆಟ. ನನ್ನ ಮೇಜಿನದೇ ಎರಡು ಫೋಟೋ ತೆಗೆದೆ. ಒಂದರಲ್ಲಿ ಡಸ್ಟರ್ ಪುಸ್ತಕದ ಮೇಲೆ, ಇನ್ನೊಂದರಲ್ಲಿ ಕುರ್ಚಿ ಕೆಳಗೆ. ಹೀಗೆ ಎಂಟು ವ್ಯತ್ಯಾಸ. ಜೋಡಿಯಲ್ಲಿ ಒಬ್ಬರಿಗೆ ಒಂದು ಪ್ರಿಂಟ್, ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು, ಇಂಗ್ಲಿಷಿನಲ್ಲೇ ಕೇಳಿ ವ್ಯತ್ಯಾಸ ಹಿಡಿಯಬೇಕು. 22 ಮಕ್ಕಳು ಒಟ್ಟಿಗೆ ಮಾತಾಡುತ್ತಿರುತ್ತಾರೆ. ಗಲಾಟೆ ಅಂತ ಹೆಡ್‌ಮಾಸ್ಟರ್ ಬಂದೇ ಬರುತ್ತಾರೆ, ಮೊದಲೇ ಹೇಳಿಡಿ.

ಮನೆಗೆ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್. ಅಪ್ಪನ ಫೋನ್ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ, ಆಗ 30 ಸೆಕೆಂಡ್ ಮಾತಾಡಿ ಕಳಿಸಬೇಕು, ಬರೆದುಕೊಂಡು ಓದಿದರೂ ಪರವಾಗಿಲ್ಲ. ಗ್ರೂಪಿಗೆ ಬೇಡ, ನನಗೊಬ್ಬಳಿಗೇ. ಕ್ಲಾಸಿನಲ್ಲಿ ಹಾಜರಿಗೆ ಮಾತ್ರ ಬಾಯಿ ಬಿಡುತ್ತಿದ್ದ ಒಂದು ಹುಡುಗಿ ಮೊದಲ ರಾತ್ರಿ ಆರು ಸಲ ಕಳಿಸಿ, ಐದನ್ನು ಡಿಲೀಟ್ ಮಾಡಿದ್ದಳು. ಉಳಿದಿದ್ದರಲ್ಲಿ ಕುಕ್ಕರ್ ಕೂಗು, ಅದರ ಮೇಲೆ ಅವಳಮ್ಮನ ದನಿ: "ಜೋರಾಗ್ ಹೇಳೇ, ಮಿಸ್‌ಗೆ ಕೇಳ್ಬೇಕು." ಫೋನ್ ಇಲ್ಲದ ಮನೆಯ ಏಳೆಂಟು ಮಕ್ಕಳು ಊಟದ ಬಿಡುವಿನಲ್ಲಿ ನನ್ನ ಫೋನಿಗೇ ಹೇಳುತ್ತಾರೆ. ಅವರನ್ನು ಮರೆಯಬೇಡಿ.

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ವಿಡಿಯೊ ಬರುತ್ತವೆ. ಕೆಲವು ಚೆನ್ನಾಗಿವೆ, ಕೆಲವು ನಿದ್ದೆ ಬರಿಸುತ್ತವೆ. ನೀವು ಮೊದಲು ನೋಡಿಕೊಳ್ಳಿ.

ಈಗ ಆ 20,000. ಎರಡು ಟ್ಯಾಬ್ ಬಂದರೆ ಇಬ್ಬರು ಒತ್ತುತ್ತಾರೆ, 43 ಜನ ಕತ್ತು ಉದ್ದ ಮಾಡಿ ನೋಡುತ್ತಾರೆ. ಬ್ಲೂಟೂತ್ ಸ್ಪೀಕರ್ ಒಂದು ತಗೊಳ್ಳಿ, ಫೋನಿನ ದನಿ ಮೂರನೇ ಬೆಂಚು ದಾಟುವುದಿಲ್ಲ. ಸಾಧ್ಯವಾದರೆ ಒಂದು ಸಾದಾ ಪ್ರಿಂಟರ್. ಬಣ್ಣದ ಚಾಕ್‌ಪೀಸ್ ನಾಲ್ಕು ಡಬ್ಬಿ, ಹಸಿರೇ ಬೇಗ ಖಾಲಿಯಾಗೋದು. ಉಳಿದ ದುಡ್ಡು ಕೊಟ್ಟವರ ಹತ್ತಿರವೇ ಇರಲಿ. ಜನವರಿ ಹೊತ್ತಿಗೆ ಪ್ರಿಂಟರ್ ಇಂಕ್ ಮುಗಿಯುತ್ತೆ, ಆಗ ಕೇಳಿ.