ಧಾರವಾಡದ ಹಿರಿಯರ ವಸತಿ ಸಮುಚ್ಚಯದಲ್ಲಿರುವ ತಾಯಿಯವರ ಒಂಟಿತನದ ಬಗ್ಗೆ
ನಮಸ್ಕಾರ. ಹಿರಿಯರ ವಸತಿ ಸಮುಚ್ಚಯಕ್ಕೆ ಬಂದ ಮೇಲೆ ತಾಯಿಯವರು ಊರಿನ ಸುದ್ದಿಯಿಂದಲೂ ಜನರಿಂದಲೂ ದೂರವಾಗಿದ್ದಾರೆ, ಸ್ಮಾರ್ಟ್‌ಫೋನ್ ಕೊಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಫೋನ್ ಇರಲಿ, ಆದರೆ ಮೊದಲು ರೇಡಿಯೊ ಕೊಡಿಸಿರಿ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಸುದ್ದಿಯನ್ನು ನಾಲ್ವರು ಒಟ್ಟಿಗೆ ಕುಳಿತು ಕೇಳಿದರೆ, ಅದು ಮುಗಿದ ಮೇಲೆ ಮಾತು ತಾನಾಗಿಯೇ ಬೆಳೆಯುತ್ತದೆ (ನಮ್ಮ ತಂದೆಯವರ ವಿಷಯದಲ್ಲಿ ಚಹಾ ಆರಿಹೋಗುವವರೆಗೂ ಬೆಳೆಯುತ್ತಿತ್ತು). 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸವಿದ್ದ ದಿನ ನೆರೆಯವರೊಡನೆ ಆಟೋದಲ್ಲಿ ಹೋಗಿಬರಲಿ. ನವೆಂಬರ್ ತಿಂಗಳ ಪಿಂಚಣಿ ಜೀವಿತ ಪ್ರಮಾಣಪತ್ರದಂತಹ ಸೂಚನೆಗಳನ್ನು ವಾಟ್ಸ್ಆ್ಯಪ್ ಗುಂಪಿಗಷ್ಟೇ ಹಾಕದೆ, ಊಟದ ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಯಿಸುವಂತೆ ವ್ಯವಸ್ಥಾಪಕರನ್ನು ಕೇಳಿಕೊಳ್ಳಿರಿ. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567 ಕೂಡ ಅಲ್ಲೇ ಇರಲಿ.